24 ಇಂಚಿನ ಗಿಟಾರ್‌ನಲ್ಲಿ ಡ್ರಾಪ್ ಡಿ: ನನ್ನ ಅನುಭವ

ಸ್ಕೇಲ್, ಅಂದರೆ ಸ್ಟ್ರಿಂಗ್ ಮಿಡಿಯುವ ಉದ್ದ, 24 ಇಂಚು ಇರುವ ಗಿಟಾರ್‌ನಲ್ಲಿ ಡ್ರಾಪ್ ಡಿ (ಅತಿ ದಪ್ಪ ಸ್ಟ್ರಿಂಗನ್ನು ಇ ಸ್ವರದಿಂದ ಡಿಗೆ ಇಳಿಸುವ ಟ್ಯೂನಿಂಗ್) ಬಾರಿಸುತ್ತೇನೆ ಅಂದಾಗ "ಅದು ಕಲಿಯೋ ಮಕ್ಕಳ ಗಿಟಾರ್, ಡ್ರಾಪ್ ಡಿ ನಿಲ್ಲಲ್ಲ, ಸುಮ್ಮನೆ ದುಡ್ಡು ಹಾಳು" ಎಂದವರೆಲ್ಲ ಗಿಟಾರ್ ಬಲ್ಲವರೇ. ಮಾತು ಪೂರ್ತಿ ಸುಳ್ಳೂ ಅಲ್ಲ. ಫೆಂಡರ್ ಕಂಪನಿ 1964ರಲ್ಲಿ ಮಸ್ಟ್ಯಾಂಗ್ ಗಿಟಾರ್ ತಂದದ್ದು ಕಲಿಯುವವರನ್ನು ಮನಸ್ಸಿನಲ್ಲಿಟ್ಟುಕೊಂಡೇ. ಆದರೆ ಅದೇ ಅಳತೆಯ ಗಿಟಾರ್‌ನಲ್ಲಿ ನಾನೀಗ ಪೂರ್ತಿ ಗೇನ್ (ಆಂಪ್‌ನ ಒರಟು ಸದ್ದು) ಏರಿಸಿ ರಿದಮ್ಮೂ ಲೀಡೂ ಬಾರಿಸುತ್ತೇನೆ. ಒಂದೂವರೆ ಗಂಟೆಯ ಸೆಟ್‌ನಲ್ಲಿ ಟ್ಯೂನರ್ ನೋಡುವುದು ಎರಡು ಸಲ. ನಮ್ಮ ಇನ್ನೊಬ್ಬ ಗಿಟಾರಿಸ್ಟ್ ನನಗಿಂತ ಹೆಚ್ಚು ಸಲ ನೋಡುತ್ತಾನೆ.

ಚಿಕ್ಕ ಸ್ಕೇಲ್ ಯಾಕೆ ಬೇಕು ಅನ್ನುವುದಕ್ಕೆ ಲೆಕ್ಕ ಸಾಕು. 25.5 ಇಂಚಿನ ಗಿಟಾರ್‌ನಲ್ಲಿ ನಟ್‌ನಿಂದ (ಕುತ್ತಿಗೆಯ ತುದಿಯಲ್ಲಿ ಸ್ಟ್ರಿಂಗ್ ಕೂರುವ ಪಟ್ಟಿ) ನಾಲ್ಕನೇ ಫ್ರೆಟ್‌ಗೆ (ಕುತ್ತಿಗೆಯ ಮೇಲಿನ ಲೋಹದ ಗೆರೆ) ಸುಮಾರು 134 ಮಿ.ಮೀ. 24 ಇಂಚಿನದರಲ್ಲಿ 126. ಬೆರಳು ಗಿಡ್ಡ ಇರುವ ನಮ್ಮಂಥ ಹೆಣ್ಣುಮಕ್ಕಳಿಗೆ ಆ ಎಂಟು ಮಿ.ಮೀ. ಅಂದರೆ ಕಿರುಬೆರಳು ಫ್ರೆಟ್ ಮುಟ್ಟುತ್ತದೋ ಇಲ್ಲವೋ ಅನ್ನುವ ವ್ಯತ್ಯಾಸ. "ಪ್ರಾಕ್ಟೀಸ್ ಮಾಡಿದರೆ ಕೈ ಹಿಗ್ಗುತ್ತೆ" ಎಂಬ ಸಲಹೆ ನಂಬಿ ಮಣಿಕಟ್ಟು ನೋಯಿಸಿಕೊಂಡವರು ಬಹಳ. ಮೂಳೆ ಹಿಗ್ಗುವುದಿಲ್ಲ, ಗಿಟಾರನ್ನೇ ಕುಗ್ಗಿಸಬೇಕು.

ಕುಗ್ಗಿಸಿದರೆ ಬಿಗಿ ಹೋಗುತ್ತದೆ. ಒಂದೇ ಸ್ಟ್ರಿಂಗ್, ಒಂದೇ ಸ್ವರ, ಆದರೂ 24ರಲ್ಲಿ ಬಿಗಿ ಶೇಕಡಾ 11ರಷ್ಟು ಕಡಿಮೆ. 46ರ (ಅಂದರೆ ಇಂಚಿನ ಸಾವಿರದಲ್ಲಿ 46 ಭಾಗ) ದಪ್ಪ ಸ್ಟ್ರಿಂಗ್ ಉದ್ದ ಸ್ಕೇಲ್‌ನ ಇ ಸ್ವರದಲ್ಲಿ 17 ಪೌಂಡ್ ಮೇಲಿರುತ್ತದೆ. ಅದನ್ನೇ ಇಲ್ಲಿ ಡಿಗೆ ಇಳಿಸಿದರೆ 12ರ ಆಸುಪಾಸು. ಪಾಮ್ ಮ್ಯೂಟ್ ಮಾಡಿದರೆ (ಅಂಗೈ ಅಂಚಿನಿಂದ ಸ್ಟ್ರಿಂಗ್ ಅದುಮಿ ಬಾರಿಸಿದರೆ) ದಪ್ಪ್ ಅನ್ನುವ ಸದ್ದು ಮಾತ್ರ, ಸ್ವರವೇ ಇಲ್ಲ.

ಮೊದಲು 10–52ರ (ಅತಿ ತೆಳುವಿನಿಂದ ಅತಿ ದಪ್ಪದವರೆಗೆ) ಸೆಟ್ ಹಾಕಿದೆ, ಸಾಲಲಿಲ್ಲ. ಆಮೇಲೆ ಅಂಗಡಿಯಲ್ಲಿ ಸಿಗುವ 11–54ರ ಸೆಟ್. ಕೆಳಗಿನ ಡಿ (ಅತಿ ದಪ್ಪ ಸ್ಟ್ರಿಂಗ್) ನಿಂತಿತು, ಆದರೆ ಮೂರನೇ ಸ್ಟ್ರಿಂಗ್ 22ರ ಪ್ಲೇನ್, ಅಂದರೆ ಮೇಲೆ ತಂತಿ ಸುತ್ತದ ಬರೀ ಸ್ಟ್ರಿಂಗ್. ಅದರ ಇಂಟೊನೇಶನ್ (ಕುತ್ತಿಗೆಯುದ್ದಕ್ಕೂ ಸ್ವರ ಸರಿ ಬರುವುದು) ಎಷ್ಟು ತಿರುಗಿಸಿದರೂ ಕೂರಲಿಲ್ಲ, ಎಳೆದು ಬೆಂಡ್ ಮಾಡಿದರೆ ಬೆರಳೇ ಸೋಲುತ್ತಿತ್ತು. ಅದನ್ನು ತೆಗೆದು 18 ಹಾಕಿದ ಮೇಲೆ ಸರಿಹೋಯಿತು. ಹೀಗೆ ಬಿಡಿ ಸ್ಟ್ರಿಂಗ್‌ಗಳಿಗೂ ಹಾಳಾದ ನಟ್‌ಗಳಿಗೂ ಸುರಿದ ದುಡ್ಡು ಒಟ್ಟು ಮಾಡಿದರೆ ಗಿಟಾರ್ ಬೆಲೆಯ ಕಾಲು ಭಾಗ ಆದೀತು.

ನಟ್‌ನಲ್ಲಿ ನಾನು ಮೂರು ಸಲ ಕೆಟ್ಟೆ. 46ಕ್ಕೆ ಕೊರೆದ ಕಚ್ಚಿನಲ್ಲಿ 54 ಕೂರುವುದಿಲ್ಲ, ಮೇಲೆಯೇ ಸಿಕ್ಕಿಕೊಂಡು ನಿಲ್ಲುತ್ತದೆ. ಟ್ಯೂನಿಂಗ್ ಬಿರಟೆ ತಿರುಗಿಸುವಾಗ ಟಿಂಗ್ ಅಂತ ಸದ್ದು ಬಂದು ಸ್ವರ ಹಾರಿದರೆ ಅದೇ ಗುರುತು. ಮೊದಲನೆಯದನ್ನು ಅಗಲಿಸುವ ಬದಲು ಆಳ ಮಾಡಿಬಿಟ್ಟೆ, ಓಪನ್ (ಬೆರಳು ಒತ್ತದ) ಸ್ಟ್ರಿಂಗ್ ಫ್ರೆಟ್‌ಗೆ ಬಡಿಯತೊಡಗಿತು. ಅಡಿಗೆ ಸೋಡಾ, ಸೂಪರ್ ಗ್ಲೂ ತುಂಬಿ ಮತ್ತೆ ಕೊರೆದೆ, ಎರಡು ವಾರದಲ್ಲಿ ಸವೆಯಿತು. ಎರಡನೆಯದು ತುಂಡಾಯಿತು. ಮೂರನೆಯದರಲ್ಲಿ ಕಚ್ಚು ಸ್ಟ್ರಿಂಗ್‌ಗಿಂತ ಇಂಚಿನ ಸಾವಿರದಲ್ಲಿ ಎರಡು ಭಾಗ ಅಗಲ, ಹೆಡ್‌ಸ್ಟಾಕ್ (ಬಿರಟೆಗಳಿರುವ ತಲೆ) ಕಡೆಗೆ ಇಳಿಜಾರು. ಕೊನೆಗೆ ಕಚ್ಚನ್ನು ಯಾವುದರಿಂದ ನಯ ಮಾಡುತ್ತೇನೆ ಅನ್ನುವುದು ಮಾತ್ರ ನನ್ನಲ್ಲೇ ಇರಲಿ.

ಗಿಟಾರ್ ಮೈಮೇಲೆ ಸ್ಟ್ರಿಂಗ್ ಕೂರುವ ಬ್ರಿಡ್ಜ್ ಕಡೆ, 54ರ ಸ್ಯಾಡಲ್ (ಆ ಸ್ಟ್ರಿಂಗನ್ನು ಹೊರುವ ಚಿಕ್ಕ ತುಂಡು) ಹಿಂದೆ ಹೋಗಿ ಹೋಗಿ ಸ್ಪ್ರಿಂಗ್‌ಗೆ ಒತ್ತಿ ನಿಂತಿತು, ಹನ್ನೆರಡನೇ ಫ್ರೆಟ್ ಇನ್ನೂ ಶಾರ್ಪ್ (ಸ್ವರ ತುಸು ಮೇಲೆ). ಸ್ಪ್ರಿಂಗನ್ನು ಅರ್ಧ ಕತ್ತರಿಸಿದೆ, ಜಾಗ ಸಿಕ್ಕಿತು. ಅಲ್ಲಾಡುವ ಬ್ರಿಡ್ಜ್‌ನ ಎರಡೂ ಕಾಲಿಗೆ ಟೇಪ್ ಸುತ್ತಿ ಬಿಗಿ ಮಾಡಿದೆ. ರಿಲೀಫ್ (ಕುತ್ತಿಗೆಯ ಸಣ್ಣ ಬಾಗು) 0.2 ಮಿ.ಮೀ. ಆಸುಪಾಸು. ಆಕ್ಷನ್ (ಫ್ರೆಟ್‌ನಿಂದ ಸ್ಟ್ರಿಂಗ್‌ನ ಎತ್ತರ) ಹನ್ನೆರಡನೇ ಫ್ರೆಟ್‌ನಲ್ಲಿ ಮೇಲಿನ ತೆಳು ಇಗೆ 1.5, ಕೆಳಗಿನ ಡಿಗೆ 2 ಮಿ.ಮೀ.

ಇಷ್ಟಾದರೂ ರಿಹರ್ಸಲ್ ರೆಕಾರ್ಡಿಂಗ್‌ನಲ್ಲಿ ಬೇಸ್ ಗಿಟಾರ್ ಜೊತೆ ಕೆಳಗಿನ ಡಿ ತಿಕ್ಕಾಡುತ್ತಿತ್ತು. ಟ್ಯೂನರ್ ಮುಂದೆ ಜೋರಾಗಿ ಬಾರಿಸಿ ಕಣ್ಣಿಟ್ಟು ನೋಡಿದೆ: ಪಿಕ್ ಬಿದ್ದ ಕ್ಷಣ ಸೂಜಿ ಶಾರ್ಪ್ ಕಡೆ ಹಾರುತ್ತದೆ, ಅರ್ಧ ಸೆಕೆಂಡ್ ಆದ ಮೇಲೆ ಇಳಿದು ಕೂರುತ್ತದೆ. ವೇಗದ ರಿಫ್‌ನಲ್ಲಿ (ಮರುಕಳಿಸುವ ಸಣ್ಣ ಸ್ವರಸಾಲು) ಇಳಿಯಲು ಪುರುಸೊತ್ತೇ ಇಲ್ಲ, ಕೇಳುವುದೆಲ್ಲ ಆ ಹಾರಿದ ಸ್ವರವೇ. ಈಗ ಮೆಲ್ಲಗೆ ಮೀಟಿದಾಗ ಮೂರು ನಾಲ್ಕು ಸೆಂಟ್ (ಸೆಂಟ್ ಅಂದರೆ ಅರ್ಧ ಸ್ವರದ ನೂರನೇ ಒಂದು ಭಾಗ) ಫ್ಲಾಟ್, ಅಂದರೆ ಕೆಳಗೆ, ಇರುವಂತೆ ಟ್ಯೂನ್ ಮಾಡುತ್ತೇನೆ. ತಿಕ್ಕಾಟ ನಿಂತಿತು. ನಿಲ್ಲಲ್ಲ ಅಂದವರು ಸ್ಟ್ರಿಂಗ್ ಬದಲಿಸಿ ಸೋತದ್ದು ಇಲ್ಲೇ ಇರಬೇಕು.

ಗಿಟಾರನ್ನು ಹೆಗಲಿಗೆ ತೂಗುವ ಬೆಲ್ಟ್‌ನ ಮಾತು ಯಾರೂ ಬರೆಯುವುದಿಲ್ಲ. ಮಾಮೂಲಿ ಬೆಲ್ಟನ್ನು ಪೂರ್ತಿ ಗಿಡ್ಡ ಮಾಡಿದರೂ ನನಗೆ ಗಿಟಾರ್ ಸೊಂಟದ ಕೆಳಗೆ ಬರುತ್ತಿತ್ತು, ಎಡಗೈ ಮಣಿಕಟ್ಟು ಮಡಚಿಹೋಗುತ್ತಿತ್ತು. ಕೂತು ಬಾರಿಸುವಾಗಿನ ಎತ್ತರವೇ ನಿಂತಾಗಲೂ ಇರಬೇಕು. ತುದಿಯ ಚರ್ಮದಲ್ಲಿ ಹೊಸ ತೂತು ಹೊಡೆದು ಮೂರು ಬೆರಳಷ್ಟು ಮೇಲೆತ್ತಿದೆ. ಅಗಲ 7 ಸೆಂ.ಮೀ. ಬೇಕು. ತೆಳು ಬೆಲ್ಟ್ ಎದೆಯ ಪಕ್ಕ ಕೊಯ್ಯುತ್ತದೆ, ಅದನ್ನು ತಪ್ಪಿಸಲು ನಾವು ಗೊತ್ತಿಲ್ಲದೆಯೇ ಭುಜ ತಿರುಗಿಸಿ ನಿಲ್ಲುತ್ತೇವೆ, ಬೆನ್ನು ಹಿಡಿಯುವುದು ಅದರಿಂದ. 2016ರಲ್ಲಿ ಅಮೆರಿಕದ ಗಿಟಾರಿಸ್ಟ್ ಸೇಂಟ್ ವಿನ್ಸೆಂಟ್, ಅಂದರೆ ಆನಿ ಕ್ಲಾರ್ಕ್, ಮ್ಯೂಸಿಕ್ ಮ್ಯಾನ್ ಕಂಪನಿಯಿಂದ ತಂದ ಗಿಟಾರ್ ಸಣ್ಣ ನಡುವಿನ, ಹಗುರವಾದ ಗಿಟಾರ್. ಹೆಣ್ಣಿನ ಮೈಯನ್ನೂ ಲೆಕ್ಕಕ್ಕೆ ಹಿಡಿದು ಗಿಟಾರ್ ಮಾಡಬಹುದು ಎಂದು ಅದು ತೋರಿಸಿತು. ನಮ್ಮ ಬಟ್ಟೆಗೆ ಜೇಬೂ ಇರುವುದಿಲ್ಲ, ವೈರ್‌ಲೆಸ್ ಪ್ಯಾಕನ್ನು ಬೆಲ್ಟ್‌ನ ಹಿಂಬದಿಗೇ ಹೊಲಿದ ಚೀಲದಲ್ಲಿಡಿ.

ಗಾಯಕಿ ಇರುವ ಬ್ಯಾಂಡ್‌ನವರಿಗೆ ಇನ್ನೊಂದು ವಿಷಯ. ಗಂಡುದನಿಗೆ ಬರೆದ ಡಿಯ ಹಾಡು ಅವಳಿಗೆ ಎಫ್‌ಗೆ ಏರಿದರೆ ಓಪನ್ ಸ್ಟ್ರಿಂಗ್ ರಿಫ್ ಸತ್ತಂತೆ. ಮೂರನೇ ಫ್ರೆಟ್‌ಗೆ ಕೇಪೊ (ಎಲ್ಲ ಸ್ಟ್ರಿಂಗ್ ಒಟ್ಟಿಗೆ ಅದುಮುವ ಕ್ಲಿಪ್) ಹಾಕಿ, ರಿಫ್ ಹಾಗೇ ಉಳಿಯುತ್ತದೆ. ಕೇಪೊ ಬಹಳ ಬಿಗಿಯಾದರೆ ಎಲ್ಲ ಶಾರ್ಪ್ ಆಗುತ್ತದೆ, ಹಾಕಿದ ಮೇಲೆ ಇನ್ನೊಮ್ಮೆ ಟ್ಯೂನ್ ನೋಡಿ. ಎಲ್ಲ ಸ್ಟ್ರಿಂಗನ್ನೂ ಇನ್ನೊಂದು ಸ್ವರ ಕೆಳಗಿಳಿಸಿ ಡ್ರಾಪ್ ಸಿಯನ್ನೂ ಪರೀಕ್ಷಿಸಿದೆ. 54ರ ಬಿಗಿ 13–14 ಪೌಂಡ್‌ಗೆ ಬಿದ್ದು ಮತ್ತೆ ಅದೇ ದಪ್ಪ್ ಸದ್ದು. 60 ತಂದರೆ ಬಿರಟೆಯ ತೂತಿನಲ್ಲಿ ತೂರಲೇ ಇಲ್ಲ. ಡ್ರಾಪ್ ಸಿಯ ಎರಡು ಹಾಡಿಗೆ ಈಗಲೂ ಉದ್ದ ಸ್ಕೇಲ್‌ನ ಗಿಟಾರನ್ನೇ ಎತ್ತಿಕೊಳ್ಳುತ್ತೇನೆ.

ಸೌಂಡ್‌ಚೆಕ್‌ನಲ್ಲಿ "ಮೇಡಂ, ಸ್ವಲ್ಪ ವಾಲ್ಯೂಮ್ ಕಡಿಮೆ ಮಾಡಿ" ಎಂದು ಮೊದಲು ಬರುವುದು ನಮ್ಮ ಕಡೆಗೇ. ಇಳಿಸಬೇಡಿ. ದಪ್ಪ ಸ್ಟ್ರಿಂಗ್‌ನಿಂದ ಗದ್ದಲ ಸೇರುವುದು 200–250 ಹರ್ಟ್ಸ್‌ನಲ್ಲಿ. "ನನ್ನ ಚಾನೆಲ್‌ನಲ್ಲಿ ಅಲ್ಲಿ 3 ಡಿಬಿ ತೆಗೆಯಿರಿ" ಎಂದು ಅಂಕಿ ಸಮೇತ ಹೇಳಿ. ಆಂಪ್ ನಾಬ್‌ಗಳ ಮೇಲೆ ಬಿಳಿ ಪೆನ್ಸಿಲ್ ಗುರುತಿರಲಿ, ಯಾರಾದರೂ ತಿರುಗಿಸಿದ್ದರೆ ಪ್ಲಗ್ ಹಾಕುವ ಮೊದಲೇ ಕಾಣುತ್ತದೆ.