ರದ್ದಿಯಿಂದ ಹಾಳೆ ತೆಗೆಯುವ ಬಗೆ

ಮುಗಿದ ನೋಟ್‌ಬುಕ್, ಪ್ರಿಂಟ್ ತೆಗೆದು ಬಿಸಾಡುವ ಎ4 ಹಾಳೆ ಇದ್ದರೆ ಸಾಕು. 30 ಎ4 ಹಾಳೆ ಸುಮಾರು 150 ಗ್ರಾಂ ತೂಗುತ್ತದೆ. ಎ5 ಅಳತೆಯ 20–25 ಹಾಳೆಗೆ ಅಷ್ಟು ಬೇಕು. ಮಿರುಗುವ ಲಗ್ನಪತ್ರಿಕೆ, ಎಟಿಎಂ ಚೀಟಿ ಹಾಕಬೇಡಿ. ಸುದ್ದಿಪತ್ರಿಕೆಯನ್ನೂ ಹಾಕಬೇಡಿ, ಬೂದು ಹಾಳೆ ಬಂದು ಬೇಗ ಹಳದಿಯಾಗುತ್ತದೆ.

ಪಿನ್ ಕಿತ್ತು, ಕೈಯಲ್ಲೇ ಚೂರು ಮಾಡಿ ರಾತ್ರಿ ನೆನೆಹಾಕಿ. ಮಿಕ್ಸಿ ಜಾರಿಗೆ ಒಂದು ಹಿಡಿ ಚೂರು, ಮುಕ್ಕಾಲು ಭಾಗ ನೀರು. 20 ಸೆಕೆಂಡು ಬಿಟ್ಟು ಬಿಟ್ಟು ತಿರುಗಿಸಿ. ಚಟ್ನಿಯಷ್ಟು ನುಣ್ಣಗಾದರೆ ನಾರು ತುಂಡಾಗಿ ಹಾಳೆಗೆ ಬಲವಿರುವುದಿಲ್ಲ. ಬಣ್ಣಕ್ಕೆ ಫಿಲ್ಟರಿನಲ್ಲಿ ಉಳಿದ ಕಾಫಿ ಚರಟ ಒಂದು ಚಮಚ ಸಾಕು, ಚುಕ್ಕೆಯೂ ಚೆನ್ನಾಗಿ ಕೂರುತ್ತದೆ.

ಒಂದೇ ಅಳತೆಯ ಎರಡು ಮರದ ಚೌಕಟ್ಟು ಬೇಕು. ಒಂದಕ್ಕೆ ಕಿಟಕಿಯ ಸೊಳ್ಳೆ ಜಾಲರಿಯನ್ನು ಬಿಗಿಯಾಗಿ ಹೊಡೆಯಿರಿ, ಇನ್ನೊಂದು ಖಾಲಿ ಇರಲಿ. ಕಿಟ್‌ಗಳಲ್ಲಿ ಬರುವ ತೆಳು ಪ್ಲಾಸ್ಟಿಕ್ ಚೌಕಟ್ಟು ನೀರಿನ ಭಾರಕ್ಕೆ ಬಾಗುತ್ತದೆ, ದುಡ್ಡು ದಂಡ.

ಟಬ್ಬಿನ ನೀರಿಗೆ ತಿರುಳು ಸುರಿದು ಕಲಕಿ. ಜಾಲರಿಯ ಮೇಲೆ ಖಾಲಿ ಚೌಕಟ್ಟು ಇಟ್ಟು, ಓರೆಯಾಗಿ ಮುಳುಗಿಸಿ, ನೀರೊಳಗೆ ಮಟ್ಟ ಮಾಡಿ ನೇರ ಮೇಲಕ್ಕೆತ್ತಿ. ನೀರು ಇಳಿಯುತ್ತಿರುವಾಗಲೇ ಎಡಬಲ, ಹಿಂದೆ ಮುಂದೆ ಮೆಲ್ಲಗೆ ಅಲುಗಿಸಿ. ಮೇಲಿನ ಹೊಳಪು ಆರಿದ ಮೇಲೆ ಅಲುಗಿಸಿದರೆ ಹಾಳೆ ಬಿರಿಯುತ್ತದೆ. ಒಂದು ಕಡೆ ದಪ್ಪ ಬಂದರೆ ಮಗುಚಿ ನೀರಿಗೆ ತಾಗಿಸಿ, ತಿರುಳು ಟಬ್ಬಿಗೇ ಬೀಳುತ್ತದೆ. ಎರಡು ಮೂರು ಹಾಳೆಗೊಮ್ಮೆ ಹೊಸ ತಿರುಳು ಸೇರಿಸಿ.

ಹಾಳೆಯನ್ನು ಬಟ್ಟೆಗೆ ಇಳಿಸುವಾಗಲೇ ಹೆಚ್ಚಿನವರದು ಕೆಡುವುದು. ಹಳೇ ಪಂಚೆ ತುಂಡನ್ನು ಒದ್ದೆ ಮಾಡಿ ಹಿಂಡಿ ಹಾಸಿ. ಒಣಬಟ್ಟೆ ಹಾಳೆಯನ್ನು ಹಿಡಿಯುವುದಿಲ್ಲ. ಅದರಡಿ ಮಡಿಸಿದ ಟವೆಲ್ ಇಟ್ಟು ನಡುವೆ ತುಸು ಉಬ್ಬಿಸಿ. ಖಾಲಿ ಚೌಕಟ್ಟು ತೆಗೆದು, ಜಾಲರಿಯ ಉದ್ದ ಅಂಚನ್ನು ಬಟ್ಟೆಗೆ ಊರಿ, ಹಾಗೇ ಉರುಳಿಸಿ ಮಗುಚಿ. ಜಾಲರಿಯ ಬೆನ್ನಿಗೆ ಸ್ಪಂಜು ಒತ್ತಿ ನೀರು ಹೀರಿ, ಹಿಂಡಿ, ಮತ್ತೆ ಒತ್ತಿ. ಉಜ್ಜಬೇಡಿ. ಸ್ಪಂಜಿಗೆ ನೀರು ಬಾರದಾದ ಮೇಲೆ ಒಂದು ಅಂಚಿನಿಂದ ನಿಧಾನ ಎತ್ತಿ. ತಿರುಳು ಜಾಲರಿಗೇ ಅಂಟಿಕೊಂಡರೆ ಇನ್ನೂ ನೀರಿದೆ ಎಂದರ್ಥ. ಎಳೆಯದೆ ಮತ್ತೆ ಒತ್ತಿ.

ಬಟ್ಟೆ, ಹಾಳೆ ಒಂದರ ಮೇಲೊಂದು ಪೇರಿಸಿ, ಎರಡು ಹಲಗೆ ನಡುವೆ ಇಟ್ಟು ಮೇಲೆ ನಿಂತುಕೊಳ್ಳಿ.

ಒಣಗಿಸಲು ಗಾಜೇ ವಾಸಿ: ಒದ್ದೆ ಹಾಳೆ ಅಂಟಿಸಿದರೆ ಮುದುರುವುದಿಲ್ಲ, ಒಂದು ಮುಖ ನಯವಾಗುತ್ತದೆ. ಮೂಡಿಗೆರೆ, ಸಕಲೇಶಪುರದ ಕಡೆಯವರು ಜುಲೈನಲ್ಲಿ ಕೈ ಹಾಕಬೇಡಿ, ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ. ಕಾಫಿ ಒಣಗಿಸುವ ಬಿಸಿಲು ಬರುವವರೆಗೆ ಕಾಯಿರಿ. ಅವಸರವಿದ್ದರೆ ಮೇಲೊಂದು ಬಟ್ಟೆ ಹಾಕಿ ಇಸ್ತ್ರಿ ಮಾಡಿ.

ಉಳಿದ ತಿರುಳನ್ನು ಸಿಂಕಿಗೆ ಸುರಿಯಬೇಡಿ, ಪೈಪು ಕಟ್ಟುತ್ತದೆ. ಬಟ್ಟೆಯಲ್ಲಿ ಸೋಸಿ, ಉಂಡೆ ಕಟ್ಟಿ ಒಣಗಿಸಿಡಿ. ಮುಂದಿನ ಸಲ ನೆನೆಹಾಕಿದರೆ ಆಯಿತು.