ಪೌಲ ಧರ್ಮ ಬದಲಿಸಿದನೇ? ಪತ್ರಗಳನ್ನು ಓದುವ ಒಂದು ಕ್ರಮ

ಗುರುವಾರ ಸಂಜೆ ನಮ್ಮ ಮನೆಯಲ್ಲಿ ಏಳೆಂಟು ಜನ ಸೇರಿ ಬೈಬಲ್ ಓದುತ್ತೇವೆ. ಮೊದಲ ಶತಮಾನದಲ್ಲಿ ಯೇಸುವಿನ ಸುವಾರ್ತೆ ಸಾರಿದ ಪೌಲನ ಪತ್ರಗಳಿಗೆ ಬಂದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ: ‘ಇವನು ಯೆಹೂದ್ಯ ಧರ್ಮ ಬಿಟ್ಟು ಕ್ರೈಸ್ತನಾದದ್ದು ಯಾವಾಗ?’ ಆಗ ನಾನು ಓದಿಸುವ ಕ್ರಮ ಇದು.

ಮೊದಲು ಅಪೊಸ್ತಲರ ಕೃತ್ಯಗಳನ್ನು (ಯೇಸುವಿನ ಮೊದಲ ಶಿಷ್ಯರ ಕಥೆ ಹೇಳುವ ಬೈಬಲಿನ ಪುಸ್ತಕ, ಅ.ಕೃ.) ಬದಿಗಿಡಿ. ದಮಸ್ಕದ ದಾರಿಯಲ್ಲಿ ಬೆಳಕು ಮಿಂಚಿ ಪೌಲನಿಗೆ ಯೇಸುವಿನ ಧ್ವನಿ ಕೇಳಿಸಿದ ಕಥೆ ಅಲ್ಲಿಯದು, ಬರೆದವನು ಪೌಲನಲ್ಲ. ಅವನದೇ ಮಾತು ಬೇಕೆಂದರೆ ಗಲಾತ್ಯದವರಿಗೆ ಬರೆದ ಪತ್ರ ತೆಗೆಯಿರಿ. 1:15ರಲ್ಲಿ, ತಾಯಿಯ ಗರ್ಭದಲ್ಲಿದ್ದಾಗಲೇ ದೇವರು ತನ್ನನ್ನು ಪ್ರತ್ಯೇಕಿಸಿ ಕರೆದನು ಎನ್ನುತ್ತಾನೆ. ಪಕ್ಕದಲ್ಲೇ ಯೆರೆಮೀಯ 1:5 ಇಟ್ಟುಕೊಂಡು ಓದಿ. ಅದೇ ಗರ್ಭ, ಜನಾಂಗಗಳಿಗಾಗಿ ಅದೇ ನೇಮಕ. ಇಸ್ರಾಯೇಲಿನ ಪ್ರವಾದಿಯ ಸಾಲಿನಲ್ಲಿ ಪೌಲ ತನ್ನನ್ನು ನಿಲ್ಲಿಸಿಕೊಳ್ಳುತ್ತಿದ್ದಾನೆ. ಅಮ್ಮನ ಬೈಬಲಿನ ಅಂಚಿನಲ್ಲಿ ಅವರ ಕೈಬರಹದಲ್ಲಿ ‘ಮತಾಂತರ’ ಎಂದಿದೆ. ಅದನ್ನು ಅಳಿಸಲು ಮನಸ್ಸಾಗಲಿಲ್ಲ, ಪಕ್ಕದಲ್ಲಿ ಪೆನ್ಸಿಲಿನಿಂದ ‘ಕರೆ’ ಎಂದು ಬರೆದಿದ್ದೇನೆ.

ಹಾಗೆಂದು 13ನೇ ವಚನ ಹಾರಿಸಬೇಡಿ. ಯೆಹೂದ್ಯ ಮತದಲ್ಲಿ ತನ್ನ ಹಿಂದಿನ ನಡತೆ ಎಂದು ಅಲ್ಲಿ ಹೇಳುತ್ತಾನೆ. ಅವನು ಬಿಟ್ಟದ್ದು ಏನೆಂದು ಅಲ್ಲೇ ನೋಡಿ: ಯೇಸುವನ್ನು ನಂಬಿದವರ ಸಭೆಯನ್ನು ಹಿಂಸಿಸುವುದನ್ನು. ರೋಮಾಪುರದವರಿಗೆ 11:1ರಲ್ಲಿ ‘ನಾನೂ ಇಸ್ರಾಯೇಲ್ಯನೇ’ ಎನ್ನುವಾಗ ವರ್ತಮಾನ ಕಾಲವನ್ನೇ ಬಳಸುತ್ತಾನೆ.

ಇನ್ನು ಅಂತಿಯೋಕ್ಯದ ಊಟದ ಪ್ರಸಂಗ, ಗಲಾತ್ಯ 2:11–14. ಇದಕ್ಕೆ ಒಂದು ಸಂಜೆ ಪೂರ್ತಿ ಕೊಡಿ. ಕೇಫ, ಅಂದರೆ ಯೇಸುವಿನ ಶಿಷ್ಯ ಪೇತ್ರ, ಅನ್ಯಜನರ (ಯೆಹೂದ್ಯರಲ್ಲದವರ) ಜೊತೆ ಉಣ್ಣುತ್ತಿದ್ದ. ಯೆರೂಸಲೇಮಿನ ಸಭೆಯ ಮುಖಂಡ ಯಾಕೋಬನ ಕಡೆಯವರು ಬಂದೊಡನೆ ಹಿಂದೆ ಸರಿದ. ಪೌಲನ ಸಂಗಡಿಗ ಬಾರ್ನಬನೂ ಕೇಫನ ಜೊತೆ ಸೇರಿಕೊಂಡ. ಪೌಲ ಎಲ್ಲರೆದುರು ಕೇಫನನ್ನು ಖಂಡಿಸಿದ. ಹೆಸರಿರುವ ಇವರೆಲ್ಲರೂ ಯೆಹೂದ್ಯರು. ಜಗಳ ಯೇಸುವನ್ನು ನಂಬುವ ವಿಷಯಕ್ಕಲ್ಲ; ಅನ್ಯಜನರು ಅದೇ ಪಂಕ್ತಿಯಲ್ಲಿ ಕೂರಲು ಮೊದಲು ಯೆಹೂದ್ಯರಾಗಬೇಕೇ ಎಂಬುದಕ್ಕೆ. ಪಂಕ್ತಿಯಿಂದ ಒಬ್ಬ ಎದ್ದು ಹೋದರೆ ಉಳಿದವರಿಗೆ ಹೇಗಾಗುತ್ತದೆಂದು ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಒಂದು ಹಾಳೆಯಲ್ಲಿ ಪೌಲನ ಇಬ್ಬರು ಸಂಗಡಿಗರ ಹೆಸರು ಬರೆಯಿರಿ. ತೀತ ಗ್ರೀಕನು, ಸುನ್ನತಿಗೆ ಒತ್ತಾಯವಾಗಲಿಲ್ಲ (ಗಲಾತ್ಯ 2:3). ತಿಮೊಥೆಯ ತಾಯಿ ಯೆಹೂದ್ಯಳು, ಅವನಿಗೆ ಪೌಲನೇ ಸುನ್ನತಿ ಮಾಡಿಸಿದ (ಅ.ಕೃ. 16:3). ಇಲ್ಲಿಗೆ ಬಂದಾಗ ಕೃತ್ಯಗಳನ್ನು ಮತ್ತೆ ತೆರೆಯಬಹುದು. ಸಂಡೇ ಸ್ಕೂಲಿನಲ್ಲಿ ಕಲಿತ ‘ಸೌಲ ಪೌಲನಾದ’ ಎಂಬ ಪಾಠವನ್ನೂ 13:9ರೊಂದಿಗೆ ಹೋಲಿಸಿ: ಒಬ್ಬನಿಗೇ ಎರಡು ಹೆಸರು, ಅಷ್ಟೇ. ‘ಕ್ರೈಸ್ತ’ ಎಂಬ ಪದವಂತೂ ಅವನ ಪತ್ರಗಳಲ್ಲಿ ಒಮ್ಮೆಯೂ ಇಲ್ಲ.

ಕೊನೆಗೆ ಅ.ಕೃ. 21:26 ಗಟ್ಟಿಯಾಗಿ ಓದಿ. ದಮಸ್ಕದ ಘಟನೆಯಾಗಿ ಸುಮಾರು 20 ವರ್ಷ ಕಳೆದಿದೆ. ಪೌಲ ಹರಕೆ ಹೊತ್ತ ನಾಲ್ವರ ಜೊತೆ ಶುದ್ಧಿ ಮಾಡಿಕೊಂಡು ಯೆರೂಸಲೇಮಿನ ದೇವಾಲಯದೊಳಕ್ಕೆ ಹೋಗುತ್ತಿದ್ದಾನೆ.