ಮನೆಯ ಸಿಂಗಲ್ ಫೇಸ್‌ನಲ್ಲಿ ತ್ರೀ ಫೇಸ್ ಪಲ್ಪರ್ ಓಡಿಸಿದ್ದು

ಸೋಮವಾರಪೇಟೆ ಕಡೆ ನಮ್ಮದೊಂದು ಸಣ್ಣ ಅರೇಬಿಕಾ ಕಾಫಿ ತೋಟ. ಹಣ್ಣು ಕೊಯ್ದ ದಿನವೇ ಪಲ್ಪ್ ಮಾಡಬೇಕು, ಅಂದರೆ ಸಿಪ್ಪೆ ಬಿಡಿಸಿ ಬೀಜ ತೆಗೆಯಬೇಕು. ರಾಶಿ ಹಾಕಿಟ್ಟರೆ ಬಿಸಿಯೇರಿ ಹುಳಿ ಹಿಡಿಯುತ್ತದೆ. ಸೆಕೆಂಡ್‌ಹ್ಯಾಂಡ್ ಪಲ್ಪರ್ ಸಿಕ್ಕಿತು, ಆದರೆ ಅದಕ್ಕೆ 2 ಎಚ್‌ಪಿ ತ್ರೀ ಫೇಸ್ ಮೋಟಾರ್. ಮನೆಗೆ ಇರುವುದು ಸಿಂಗಲ್ ಫೇಸ್. ಕಂಬ ಹಾಕಿಸಿ ಹೊಸ ಲೈನ್ ಎಳೆಸೋದು ನಮ್ಮ ಕೈಲಾಗದ ಖರ್ಚು.

ಕೆಪಾಸಿಟರ್ ಹಾಕಿಯೂ ಓಡಿಸಬಹುದು, ಆದರೆ ಮೋಟಾರಿನ ಶಕ್ತಿ ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗುತ್ತದೆ. ಸ್ಟಾರ್ಟಿಂಗ್ ಕೂಡ ವೀಕು. ಅದಕ್ಕೇ ವಿಎಫ್‌ಡಿ, ಅಂದರೆ ಮೋಟಾರಿನ ವೇಗ ಹಿಡಿತದಲ್ಲಿಡುವ ಡ್ರೈವ್ ತಂದೆ. 230 ವೋಲ್ಟ್ ಸಿಂಗಲ್ ಫೇಸ್ ಕೊಟ್ಟರೆ ಅದು ತ್ರೀ ಫೇಸ್ ಕೊಡುತ್ತದೆ. ಆದರೆ ಹೊರಗೆ ಬರುವುದೂ 230 ವೋಲ್ಟೇ, ತ್ರೀ ಫೇಸ್ ಲೈನಿನ 415 ಅಲ್ಲ. ಇದನ್ನು ಎಷ್ಟೋ ಜನ ಗಮನಿಸೋದೇ ಇಲ್ಲ.

ಹಾಗಾಗಿ ಡ್ರೈವ್ ಕೊಳ್ಳುವ ಮೊದಲು ಮೋಟಾರಿನ ಟರ್ಮಿನಲ್ ಬಾಕ್ಸ್ ಬಿಚ್ಚಿ ನೋಡಬೇಕು. ನಮ್ಮದರಲ್ಲಿ ಆರು ಬೋಲ್ಟ್ ಇತ್ತು. ಒಂದು ಸಾಲಿನ ಮೂರನ್ನು ತಾಮ್ರದ ಪಟ್ಟಿ ಸೇರಿಸಿತ್ತು. ಅದು ಸ್ಟಾರ್ ಜೋಡಣೆ, 415 ವೋಲ್ಟಿಗೆ. ಪಟ್ಟಿ ತೆಗೆದು, ಬೋಲ್ಟಿನ ಗುರುತು ನೋಡಿ ಯು1ಕ್ಕೆ ಡಬ್ಲ್ಯು2, ವಿ1ಕ್ಕೆ ಯು2, ಡಬ್ಲ್ಯು1ಕ್ಕೆ ವಿ2 ಸೇರಿಸಿದೆ. ಈಗ ಡೆಲ್ಟಾ, 230ಕ್ಕೆ ಸರಿ. ನಿಮ್ಮದರಲ್ಲಿ ಹೊರಗೆ ಬಂದಿರುವುದು ಮೂರೇ ವೈರ್ ಆಗಿದ್ದರೆ ವೈಂಡಿಂಗ್ ಅಂಗಡಿಗೇ ಒಯ್ಯಬೇಕು. ಡೆಲ್ಟಾ ಮಾಡಿದಾಗ ಕರೆಂಟ್ 1.73 ಪಟ್ಟು ಜಾಸ್ತಿ. ನೇಮ್‌ಪ್ಲೇಟಿನಲ್ಲಿ ಸ್ಟಾರಿಗೆ 3.4 ಆಂಪ್ಸ್ ಇದ್ದರೆ ಡ್ರೈವಿನ ಸೆಟ್ಟಿಂಗಿನಲ್ಲಿ ಸುಮಾರು 5.9 ಎಂದು ಹಾಕಬೇಕು. ಓವರ್‌ಲೋಡ್ ಕಾಯುವುದು ಆ ಅಂಕಿ ನೋಡಿಯೇ.

ಮನೆ ಕಡೆಯಿಂದ ಈ ಡ್ರೈವ್ ಫುಲ್ ಲೋಡಿನಲ್ಲಿ 14 ಆಂಪ್ಸ್ ಆಸುಪಾಸು ಎಳೆಯುತ್ತದೆ. ಮೀಟರಿನಿಂದ ನೇರ 4 ಸ್ಕ್ವೇರ್ ಎಂಎಂ ವೈರ್, ಬೇರೆ ಎಂಸಿಬಿ, ಗಟ್ಟಿ ಅರ್ತಿಂಗ್ ಹಾಕಿಸಿದೆ. ಮಂಜೂರಾದ ಲೋಡ್ ಸಾಲದಿದ್ದರೆ ಮೊದಲೇ ಅರ್ಜಿ ಕೊಡಿ.

ಹಳೇ ಸ್ಟಾರ್ಟರ್ ತೆಗೆದುಬಿಡಬೇಕು. ಡ್ರೈವಿಗೂ ಮೋಟಾರಿಗೂ ನಡುವೆ ಸ್ವಿಚ್ ಇರಬಾರದು, ಡ್ರೈವ್ ಹಾಳಾಗಬಹುದು. ಪಲ್ಪರ್ ಉಲ್ಟಾ ತಿರುಗಿದರೆ ಮೋಟಾರ್ ಕಡೆಯ ಎರಡು ವೈರ್ ಅದಲುಬದಲು ಮಾಡಿ. ಕವರ್ ಬಿಚ್ಚುವಾಗ ಮಾತ್ರ ಜೋಪಾನ. ಮೇನ್ ಆಫ್ ಮಾಡಿದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ 325 ವೋಲ್ಟ್ ಹತ್ತಿರ ಉಳಿದಿರುತ್ತದೆ. ಕಡಿಮೆಯೆಂದರೂ ಹತ್ತು ನಿಮಿಷ ಕಾಯಿರಿ.

ವೇಗ ನಿಧಾನವಾಗಿ ಏರುವ ಹಾಗೆ ಇಟ್ಟಿದ್ದೇನೆ. ಪಲ್ಪರ್ ಶುರುವಾದಾಗ ಮನೆಯ ಲೈಟ್ ಮಂಕಾಗೋದೇ ಇಲ್ಲ. ಖಾಲಿ ತಿರುಗಿಸಿ, ಪೂರ್ತಿ ವೇಗ ಬಂದ ಮೇಲೆ ನೀರು, ಹಣ್ಣು ಬಿಡುತ್ತೇವೆ. 50 ಹರ್ಟ್ಸ್‌ಗಿಂತ ತುಂಬಾ ಕೆಳಗೆ ಹೊತ್ತುಗಟ್ಟಲೆ ಓಡಿಸೋದಿಲ್ಲ. ಮೋಟಾರಿನ ಫ್ಯಾನೂ ನಿಧಾನವಾಗಿ ಅದು ಕಾಯುತ್ತದೆ. ಡ್ರೈವನ್ನು ನೀರು ಸಿಡಿಯದ ಗೋಡೆಗೆ, ಇರುವೆ, ಹಲ್ಲಿ ಹೋಗದ ಪೆಟ್ಟಿಗೆಯಲ್ಲಿ, ಗಾಳಿಗೆ ಜಾಲರಿ ಬಿಟ್ಟು ಕೂರಿಸಿದ್ದೇನೆ.

ಒಣಗಿದ ಕಾಫಿಯ ಹೊಟ್ಟು ಬಿಡಿಸುವ 5 ಎಚ್‌ಪಿ ಹಲ್ಲರಿಗೆ ಈ ದಾರಿ ಆಗೋದಿಲ್ಲ. ಆ ಅಳತೆಯ ಮೋಟಾರುಗಳು ಸಾಮಾನ್ಯವಾಗಿ 415ಕ್ಕೇ ಡೆಲ್ಟಾ. 230ಕ್ಕೆ ಬೇಕೆಂದರೆ ರೀವೈಂಡಿಂಗ್ ಮಾಡಿಸಬೇಕು, ಮನೆ ಮೀಟರೂ ತಡೆಯೋದಿಲ್ಲ. ಅದಕ್ಕೇ ಪಾರ್ಚ್‌ಮೆಂಟ್ (ಹೊಟ್ಟು ಸಮೇತದ ಬೀಜ) ಒಣಗಿಸಿ ಹಾಗೇ ಕೊಡುತ್ತೇವೆ.